ತಲೆಯಲ್ಲಿ ನೋವು, ಬೆನ್ನಿನಲ್ಲಿ ಸೋರಿಕೆ: ಒಂದು ಹುಡುಕಾಟದ ಇತಿಹಾಸ

(ಮಸ್ಕತ್‌ನಲ್ಲಿ ನಮ್ಮ ಸಂಘದ ಸದಸ್ಯರ ಮುಂದೆ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯಶಾಸ್ತ್ರದ ಇತಿಹಾಸದಿಂದ ಯಾವುದಾದರೊಂದು ವಿಷಯವನ್ನು ಆರಿಸಿಕೊಂಡು ಮಾತನಾಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಬೆನ್ನುಹುರಿಯ ಸುತ್ತಲಿನ ದ್ರವದ ಸೋರಿಕೆಯನ್ನು ಚಿತ್ರಗಳ ಮೂಲಕ ಪತ್ತೆಹಚ್ಚಿದ ಕಥೆಯನ್ನು ನಾವು ಆರಿಸಿಕೊಂಡೆವು. ಇದು ತಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವ ತಾಯಂದಿರಲ್ಲಿ ಹಲವರು ಹೆರಿಗೆಯ ಶಸ್ತ್ರಚಿಕಿತ್ಸೆಗಾಗಿ ಬೆನ್ನಿಗೆ ಚುಚ್ಚುಮದ್ದು ಪಡೆದವರೇ. ಅವರಲ್ಲಿ ಕೆಲವರಿಗಾದರೂ ಮರುದಿನವೋ ಮೂರನೆಯ ದಿನವೋ ಬಂದ ತಲೆನೋವು ನೆನಪಿರಬಹುದು. ಮಗುವಿಗೆ ಹಾಲೂಡಿಸಲು ಎದ್ದು ಕುಳಿತರೆ ತಲೆ ಸಿಡಿಯುವಂತಾಗುವುದು. ಮಲಗಿದರೆ ಕೆಲವು ನಿಮಿಷಗಳಲ್ಲಿ ಇಳಿಯುವುದು. ಮನೆಯ ಹಿರಿಯರು ಅದನ್ನು ಶೀತವೆಂದೋ ನಂಜೆಂದೋ ಕರೆದು, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮೆಣಸಿನ ಕಷಾಯ ಕುಡಿಸಿದರು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ವೈದ್ಯರೂ ಒಮ್ಮೊಮ್ಮೆ ತಲೆಯಾಡಿಸಿದರು.

ಆ ನೋವಿಗೆ ಕಾರಣ ತಲೆಯಲ್ಲಿರಲಿಲ್ಲ. ಸೊಂಟದ ಬಳಿ ಸೂಜಿ ಮಾಡಿದ ಸಣ್ಣ ರಂಧ್ರದಲ್ಲಿತ್ತು. ಸೂಜಿ ತಗುಲದೆಯೇ ತಾನಾಗಿ ಇಂಥ ರಂಧ್ರವುಂಟಾಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನರಳುವ ರೋಗಿಗಳೂ ಇದ್ದಾರೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ನಾಲ್ಕೈದು ಮಂದಿಗೆ ಈ ತೊಂದರೆ ತಾನಾಗಿ ಬರುತ್ತದೆಂದು ಅಂದಾಜು. ನೋವು ಒಂದೆಡೆ, ಕಾರಣ ಇನ್ನೊಂದೆಡೆ ಇರುವ ಈ ರೋಗವನ್ನು ಕಣ್ಣಿಗೆ ಕಾಣಿಸಲು ವೈದ್ಯಲೋಕಕ್ಕೆ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಹೀಗೇಕಾಯಿತೆಂಬುದೇ ಈ ಉಪನ್ಯಾಸದ ವಿಷಯ.

ಸೋರಿಹೋಗಿ ಕಾಣದಾದ ದ್ರವ

ಮಿದುಳು ಮತ್ತು ಬೆನ್ನುಹುರಿಗಳು ತಿಳಿನೀರಿನಂಥ ಒಂದು ದ್ರವದಲ್ಲಿ ಮುಳುಗಿವೆ. ಇದನ್ನು ಮಸ್ತಿಷ್ಕ-ಮೇರುದ್ರವ ಎನ್ನಬಹುದು. ಅನುಕೂಲಕ್ಕಾಗಿ ಮೇರುದ್ರವವೆಂದೇ ಕರೆಯೋಣ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರ್. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗಿ, ಅಷ್ಟೇ ಪ್ರಮಾಣ ರಕ್ತಕ್ಕೆ ಮರಳುತ್ತದೆ. ಸುಮಾರು 1400 ಗ್ರಾಂ ತೂಗುವ ಮಿದುಳು ಈ ದ್ರವದಲ್ಲಿ ತೇಲುವಾಗ ಕೇವಲ 50 ಗ್ರಾಂನಷ್ಟು ಹಗುರವಾಗುತ್ತದೆ. ದ್ರವ ಸೋರಿಹೋದರೆ ಮಿದುಳಿಗೆ ಆಧಾರ ತಪ್ಪುತ್ತದೆ. ಎದ್ದು ನಿಂತಾಗ ಅದು ಕೆಳಕ್ಕೆ ಜಗ್ಗಿ, ನೋವನ್ನರಿಯುವ ಪೊರೆಗಳನ್ನೂ ರಕ್ತನಾಳಗಳನ್ನೂ ಎಳೆಯುತ್ತದೆ.

ಈ ದ್ರವವನ್ನು ಸ್ಪಷ್ಟವಾಗಿ ವರ್ಣಿಸಿದವರು ಇಟಲಿಯ ನೇಪಲ್ಸ್ ನಗರದ ಡೊಮೆನಿಕೊ ಕೊಟುನ್ಯೊ. ಅವರ ಗ್ರಂಥ ಪ್ರಕಟವಾದದ್ದು 1764ರಲ್ಲಿ. ಅಂಗರಚನಾಶಾಸ್ತ್ರಜ್ಞರು ಶತಮಾನಗಳಿಂದ ಶವಗಳನ್ನು ಛೇದಿಸುತ್ತಿದ್ದರೂ ಇದೇಕೆ ಅವರ ಕಣ್ಣಿಗೆ ಬೀಳಲಿಲ್ಲ? ಛೇದಿಸುವ ಮುನ್ನ ತಲೆಯನ್ನು ಕತ್ತರಿಸಿ ಬೇರ್ಪಡಿಸುವುದು ಅಂದಿನ ರೂಢಿ. ಆ ಕ್ಷಣದಲ್ಲಿಯೇ ದ್ರವವೆಲ್ಲ ಹರಿದುಹೋಗುತ್ತಿತ್ತು. ಈ ಕಾರಣವನ್ನು ಕೊಟುನ್ಯೊ ಅವರೇ ಗುರುತಿಸಿದರು. ಸೋರಿಹೋದದ್ದರಿಂದಲೇ ಕಾಣದೆ ಉಳಿದ ದ್ರವವಿದು. ಮುಂದಿನ ಇಡೀ ಇತಿಹಾಸಕ್ಕೆ ಈ ಸಂಗತಿ ಒಂದು ಮುನ್ನುಡಿಯಂತಿದೆ.

ಕೀಲ್ ನಗರದ ಇಬ್ಬರು ವೈದ್ಯರು

1891ರಲ್ಲಿ ಜರ್ಮನಿಯ ಕೀಲ್ ನಗರದ ಹೈನ್ರಿಖ್ ಕ್ವಿಂಕೆ ಅವರು ಸೊಂಟದ ಕಶೇರುಗಳ ನಡುವೆ ಸೂಜಿ ತೂರಿಸಿ ಮೇರುದ್ರವವನ್ನು ಹೊರತೆಗೆಯುವ ವಿಧಾನವನ್ನು ರೂಢಿಗೆ ತಂದರು. ಏಳು ವರ್ಷಗಳ ಬಳಿಕ ಅದೇ ನಗರದಲ್ಲಿ ಶಸ್ತ್ರವೈದ್ಯ ಆಗಸ್ಟ್ ಬೀರ್ ಅದೇ ದಾರಿಯಿಂದ ಕೊಕೇನ್ ದ್ರಾವಣವನ್ನು ಸೇರಿಸಿ, ಕಾಲುಗಳಿಗೆ ಅರಿವಳಿಕೆ ನೀಡುವುದರಲ್ಲಿ ಯಶಸ್ವಿಯಾದರು. ಕೆಲವು ರೋಗಿಗಳಿಗೆ ಆಮೇಲೆ ತಲೆನೋವು, ವಾಂತಿ ಕಾಣಿಸಿಕೊಂಡದ್ದರಿಂದ, 1898ರ ಆಗಸ್ಟ್ 24ರಂದು ಬೀರ್ ತಮ್ಮ ಮೇಲೆಯೇ ಪ್ರಯೋಗ ಮಾಡಿಸಿಕೊಂಡರು. ಸೂಜಿಗೂ ಸಿರಿಂಜಿಗೂ ಸರಿಯಾಗಿ ಹೊಂದಿಕೆಯಾಗದೆ ಔಷಧಿಯೂ ಚೆಲ್ಲಿತು, ಸಾಕಷ್ಟು ಮೇರುದ್ರವವೂ ಹರಿದುಹೋಯಿತು. ಆಗ ಸಹಾಯಕ ಹಿಲ್ಡೆಬ್ರಾಂಟ್ ತಾವೇ ಮುಂದಾಗಿ ಮಲಗಿದರು. ಅವರಲ್ಲಿ ಪ್ರಯೋಗ ಫಲಿಸಿತು. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಹೊಡೆದರೂ ನೋವಾಗಲಿಲ್ಲ.

ಸಂತೋಷದಿಂದ ಊಟ ಮಾಡಿ, ಮದ್ಯ ಸೇವಿಸಿ, ಚುಟ್ಟಾ ಸೇದಿದ ಇಬ್ಬರಿಗೂ ಆಮೇಲೆ ತಲೆನೋವು ಬಂದಿತು. ಬೀರ್ ಒಂಬತ್ತು ದಿನ ಹಾಸಿಗೆ ಹಿಡಿದರು. ಎದ್ದರೆ ತಲೆಯೊಳಗೆ ಒತ್ತಿದಂತಾಗಿ ತಲೆಸುತ್ತು, ಮಲಗಿದರೆ ನೆಮ್ಮದಿ. ತಮ್ಮ ದೇಹದಿಂದ ಸೋರಿದ ದ್ರವವೇ ಇದಕ್ಕೆ ಕಾರಣವಿರಬೇಕೆಂದು ಅವರು ತರ್ಕಿಸಿದರು. ಹೀಗೆ, ಚಿತ್ರ ತೆಗೆಯುವ ಯಾವ ಸಾಧನವೂ ನೆರವಿಗಿಲ್ಲದ ದಿನಗಳಲ್ಲಿ, ತಾನೇ ರೋಗಿಯಾದ ವೈದ್ಯನೊಬ್ಬ ಈ ರೋಗವನ್ನು ಸರಿಯಾಗಿ ಗುರುತಿಸಿದ. ಮುಂದೆ ಬಂದ ನಮ್ಮಂಥವರು ಅದನ್ನು ಮತ್ತೆ ಮತ್ತೆ ಮರೆತೆವು.

ನೆರಳಿನ ಚಿತ್ರಗಳು

1895ರಲ್ಲಿ ರಾಂಟ್ಜೆನ್ ಕ್ಷಕಿರಣಗಳನ್ನು ಕಂಡುಹಿಡಿದಿದ್ದರು. ಆದರೆ ಕ್ಷಕಿರಣ ಚಿತ್ರದಲ್ಲಿ ಮೂಳೆ ಕಾಣುತ್ತದೆಯೇ ಹೊರತು ಮೇರುದ್ರವ ಕಾಣುವುದಿಲ್ಲ. ಕಾಣದ ದ್ರವವನ್ನು ಕಾಣಿಸಬೇಕಾದರೆ ಅದರೊಳಗೆ ಕಾಣುವ ವಸ್ತುವೊಂದನ್ನು ಸೇರಿಸಬೇಕು. ಅಮೆರಿಕದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮಿದುಳಿನ ಕುಹರಗಳಿಗೂ, 1919ರಲ್ಲಿ ಬೆನ್ನಿನ ಮೂಲಕವೂ ಗಾಳಿಯನ್ನು ತುಂಬಿ ಚಿತ್ರ ತೆಗೆದರು. ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೆ 1920ರ ದಶಕದ ಆರಂಭದಲ್ಲಿ ಲಿಪಿಯೊಡಾಲ್ ಎಂಬ ಅಯೋಡಿನ್ ಬೆರೆತ ಎಣ್ಣೆಯನ್ನು ಬಳಸಿದರು. ಬೆನ್ನುಹುರಿಯ ಸುತ್ತಲಿನ ಜಾಗದ ಆಕಾರ ಮೊದಲ ಬಾರಿಗೆ ಕಂಡಿತು. ಗೆಡ್ಡೆಗಳು ಗೋಚರಿಸಿದವು. ಆದರೆ ಮಂದವಾದ ಎಣ್ಣೆ ಸೂಕ್ಷ್ಮ ರಂಧ್ರದಲ್ಲಿ ಹರಿಯದು. ಸೋರಿಕೆ ಅಗೋಚರವಾಗಿಯೇ ಉಳಿಯಿತು.

ಸೂಜಿ ಚುಚ್ಚದವರಲ್ಲಿಯೂ ಇದೇ ಬಗೆಯ ತಲೆನೋವು ತಾನಾಗಿ ಬರುವುದನ್ನು 1938ರಲ್ಲಿ ಜರ್ಮನಿಯ ಗಿಯೋರ್ಗ್ ಶಾಲ್ಟೆನ್‌ಬ್ರಾಂಡ್ ವರ್ಣಿಸಿದರು. ಅದಕ್ಕೆ ಅವರು ಕೊಟ್ಟ ಹೆಸರಿನ ಇಂಗಿತ, ದ್ರವ ಹರಿಯದಿರುವುದು ಎಂದು. ದ್ರವ ಕಡಿಮೆ ಉತ್ಪತ್ತಿಯಾಗುತ್ತಿರಬಹುದೇ, ರಕ್ತಕ್ಕೆ ಅತಿಯಾಗಿ ಹೀರಿಹೋಗುತ್ತಿರಬಹುದೇ, ಅಥವಾ ಎಲ್ಲಿಯೋ ಸೋರುತ್ತಿರಬಹುದೇ? ಈ ಮೂರು ಊಹೆಗಳ ನಡುವೆ ವೈದ್ಯಲೋಕ ಹಲವು ದಶಕ ತೂಗಾಡಿತು. ತೀರ್ಪು ನೀಡಬಲ್ಲ ಚಿತ್ರವಿರಲಿಲ್ಲ.

ಚಿತ್ರಕ್ಕಿಂತ ಮೊದಲೇ ಚಿಕಿತ್ಸೆ ಬಂದದ್ದು ಈ ಇತಿಹಾಸದ ಒಂದು ವಿಶೇಷ. ಚುಚ್ಚುವಾಗ ರಕ್ತ ಕಾಣಿಸಿದ ರೋಗಿಗಳಿಗೆ ತಲೆನೋವು ಕಡಿಮೆಯೆಂಬುದನ್ನು ಅಮೆರಿಕದ ಜೇಮ್ಸ್ ಗಾರ್ಮ್ಲಿ ಗಮನಿಸಿದರು. ರಕ್ತವೇ ಹೆಪ್ಪುಗಟ್ಟಿ ರಂಧ್ರವನ್ನು ಮುಚ್ಚುತ್ತಿರಬೇಕೆಂದು ತರ್ಕಿಸಿ, ರೋಗಿಯ ರಕ್ತವನ್ನೇ ತೆಗೆದು ಪೊರೆಯ ಹೊರಭಾಗಕ್ಕೆ ಸೇರಿಸುವ ಕ್ರಮವನ್ನು 1960ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಎರಡು ಮೂರು ಮಿಲಿಲೀಟರ್ ಮಾತ್ರ. 1970ರಲ್ಲಿ ಡಿಜೊವಾನಿ ಮತ್ತು ಡನ್‌ಬಾರ್ ಅದನ್ನು 10 ಮಿಲಿಲೀಟರಿಗೆ ಏರಿಸಿದ ಮೇಲೆ ಈ 'ರಕ್ತದ ತೇಪೆ' ಎಲ್ಲೆಡೆ ಬಳಕೆಗೆ ಬಂದಿತು. ಇದರ ಜೊತೆಗೆ ಸೂಜಿಯೂ ಸುಧಾರಿಸಿತು. 1951ರಲ್ಲಿ ಬಂದ ವಿಟೇಕರ್ ಸೂಜಿಯ ತುದಿ ಪೆನ್ಸಿಲಿನಂತಿದ್ದು, ಪೊರೆಯ ಎಳೆಗಳನ್ನು ಕತ್ತರಿಸದೆ ಸರಿಸುತ್ತದೆ. ಆದರೂ ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಕಂಡದ್ದು ಹೆಚ್ಚಾಗಿ ಕತ್ತರಿಸುವ ತುದಿಯ ದಪ್ಪ ಸೂಜಿಗಳನ್ನೇ. ಇಪ್ಪತ್ತನಾಲ್ಕು ಗಂಟೆ ತಲೆಯೆತ್ತಬಾರದೆಂದು ರೋಗಿಗೆ ಅಪ್ಪಣೆ ಮಾಡುತ್ತಿದ್ದೆವು. ಹಾಗೆ ಮಲಗಿಸುವುದರಿಂದ ತಲೆನೋವು ತಪ್ಪುವುದಿಲ್ಲವೆಂಬುದು ಅನಂತರ ಸಿದ್ಧವಾಯಿತು.

ಮೂತ್ರಕೋಶದಲ್ಲಿ ಕಂಡ ಸುಳಿವು

1964ರಲ್ಲಿ ಜೊವಾನಿ ಡಿ ಕಿರೊ ಅವರು ವಿಕಿರಣಶೀಲ ಅಯೋಡಿನ್ ಸೇರಿಸಿದ ಆಲ್ಬುಮಿನ್ ಅನ್ನು ಮೇರುದ್ರವಕ್ಕೆ ಬಿಟ್ಟು, ಅದರ ಪ್ರಯಾಣವನ್ನು ಹೊರಗಿನಿಂದ ದಾಖಲಿಸಿದರು. ನಿಂತ ಚಿತ್ರದ ಬದಲು ಹರಿವಿನ ಚಿತ್ರ ದೊರೆಯಿತು. ಸೋರಿಕೆಯಿರುವ ರೋಗಿಗಳಲ್ಲಿ ಈ ವಸ್ತು ಮಿದುಳಿನ ಮೇಲ್ಭಾಗಕ್ಕೆ ಏರುವುದೇ ಇಲ್ಲ. ಅದರ ಬದಲು ನಿರೀಕ್ಷೆಗಿಂತ ಬೇಗನೆ ಮೂತ್ರಪಿಂಡಗಳಲ್ಲಿಯೂ ಮೂತ್ರಕೋಶದಲ್ಲಿಯೂ ಕಾಣಿಸಿಕೊಳ್ಳುತ್ತದೆಂಬುದು ಕ್ರಮೇಣ ತಿಳಿಯಿತು. ಕೆಲವರಲ್ಲಿ ಬೆನ್ನಿನ ಉದ್ದಕ್ಕೂ ಎಲ್ಲಿಯೂ ಸೋರಿಕೆ ಕಾಣದು, ಆದರೂ ಮೂತ್ರಕೋಶ ಮಾತ್ರ ಬೇಗನೆ ಬೆಳಗುತ್ತದೆ. ಈ ಒಗಟನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳುಗರಲ್ಲಿ ಪ್ರಾರ್ಥನೆ. ಇದಕ್ಕೆ ಉತ್ತರ ಸಿಕ್ಕಿದ್ದು ಐವತ್ತು ವರ್ಷಗಳ ಅನಂತರ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಮಾಡಿತು. ಅದೇ ದಶಕದಲ್ಲಿ ನೀರಿನಲ್ಲಿ ಕರಗುವ ಮೆಟ್ರಿಜಮೈಡ್ ಎಂಬ ಕಾಂಟ್ರಾಸ್ಟ್ ವಸ್ತು ಬಂದಿತು. ಎಣ್ಣೆ ಹರಿಯದ ಕಡೆ ಇದು ಹರಿಯುತ್ತದೆ. ಇವೆರಡೂ ಕೂಡಿದಾಗ, ಡ್ಯೂರಾ ಎಂಬ ಗಟ್ಟಿ ಪೊರೆಯಿಂದ ಹೊರಚೆಲ್ಲಿದ ದ್ರವವನ್ನು ಅಡ್ಡಸೀಳಿನ ಚಿತ್ರದಲ್ಲಿ ನೇರವಾಗಿ ನೋಡುವುದು ಸಾಧ್ಯವಾಯಿತು.

ಇದೇ ದಶಕ ನಾವು ನೆಲೆಸಿರುವ ಈ ನಾಡಿಗೂ ನಮ್ಮ ತವರಿಗೂ ಹೊಸ ಆರಂಭದ ಕಾಲವಾಗಿತ್ತು. 1970ರವರೆಗೆ ಒಮಾನ್‌ನ ಆಧುನಿಕ ವೈದ್ಯಕೀಯವೆಂದರೆ ಬಹುಮಟ್ಟಿಗೆ ಮುತ್ರಾದ ಅಮೆರಿಕನ್ ಮಿಷನ್ ಆಸ್ಪತ್ರೆ. 1939ರಿಂದ ಅಲ್ಲಿ ದುಡಿದ ಡಾ. ವೆಲ್ಸ್ ಥಾಮ್ಸ್ ಅವರನ್ನು ಇಲ್ಲಿನ ಹಿರಿಯರು ಗೌರವದಿಂದ ನೆನೆಯುತ್ತಾರೆ. 1974ರಲ್ಲಿ ಖೌಲಾ ಆಸ್ಪತ್ರೆ ಆರಂಭವಾಗಿ, ಮುಂದೆ ಅಪಘಾತ ಮತ್ತು ನರಶಸ್ತ್ರಚಿಕಿತ್ಸೆಗೆ ದೇಶದ ಮುಖ್ಯ ಕೇಂದ್ರವಾಯಿತು. 1987ರಲ್ಲಿ ರಾಯಲ್ ಆಸ್ಪತ್ರೆ, 1990ರಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆ ಬಂದವು. ಅತ್ತ ಬೆಂಗಳೂರಿನಲ್ಲಿ 1974ರ ಡಿಸೆಂಬರ್ 27ರಂದು ಎರಡು ಸಂಸ್ಥೆಗಳು ಕೂಡಿ ನಿಮ್ಹಾನ್ಸ್ ರೂಪುಗೊಂಡಿತು. ಒಂದೇ ತಲೆಮಾರಿನೊಳಗೆ ಎರಡೂ ಕಡೆ ಮಿದುಳಿನ ಚಿತ್ರಗಳು ರೋಗಿಗಳ ಕೈಗೆಟುಕಿದವು. ಯಂತ್ರಗಳು ಬಂದಷ್ಟು ಬೇಗ ಅವುಗಳನ್ನು ಕೇಳಬೇಕಾದ ಪ್ರಶ್ನೆಗಳು ಬಂದವೇ ಎಂಬುದು ಬೇರೆ ಮಾತು.

ತಲೆಯ ಚಿತ್ರದಲ್ಲಿ ಬೆನ್ನಿನ ರೋಗ

ಎಂ.ಆರ್.ಐ. ತಂತ್ರ 1980ರ ದಶಕದಲ್ಲಿ ಹರಡಿತು. 1988ರಲ್ಲಿ ಗ್ಯಾಡೊಲಿನಿಯಂ ಕಾಂಟ್ರಾಸ್ಟ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 1990ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂತು. ಎದ್ದರೆ ತಲೆನೋಯುವ ಈ ರೋಗಿಗಳಿಗೆ ಗ್ಯಾಡೊಲಿನಿಯಂ ಕೊಟ್ಟು ಚಿತ್ರ ತೆಗೆದರೆ, ಮಿದುಳಿನ ಸುತ್ತಲಿನ ಗಟ್ಟಿಪೊರೆ ದಪ್ಪಗಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಇದನ್ನು ಪೊರೆಯ ಸೋಂಕೆಂದೋ ಹರಡಿದ ಅರ್ಬುದವೆಂದೋ ಶಂಕಿಸಿ, ಪೊರೆಯ ಚೂರು ತೆಗೆದು ಪರೀಕ್ಷಿಸಿದ ಪ್ರಸಂಗಗಳುಂಟು. ಅಲ್ಲಿ ಸೋಂಕೂ ಇರಲಿಲ್ಲ, ಅರ್ಬುದವೂ ಇರಲಿಲ್ಲ.

ಇದರ ವಿವರಣೆ ಹಳೆಯ ಸಿದ್ಧಾಂತವೊಂದರಲ್ಲಿತ್ತು. ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಬೇಕು. 1783ರಲ್ಲಿ ಮನ್ರೋ, 1824ರಲ್ಲಿ ಕೆಲ್ಲಿ ರಕ್ತದ ವಿಷಯದಲ್ಲಿ ಹೇಳಿದ ಈ ಮಾತಿಗೆ ಮುಂದೆ ಮೇರುದ್ರವವೂ ಸೇರಿತು. ದ್ರವ ಸೋರಿ ಖಾಲಿಯಾದ ಜಾಗವನ್ನು ರಕ್ತ ತುಂಬುತ್ತದೆ. ಪೊರೆ ಹೊಳೆಯುತ್ತದೆ, ಅಭಿಧಮನಿಗಳು ಉಬ್ಬುತ್ತವೆ, ಪಿಟ್ಯುಟರಿ ಗ್ರಂಥಿ ಊದಿಕೊಳ್ಳುತ್ತದೆ, ಪೊರೆಯ ಕೆಳಗೆ ನೀರೋ ರಕ್ತವೋ ಸೇರುತ್ತದೆ, ಮಿದುಳು ಕೆಳಕ್ಕೆ ಕುಸಿಯುತ್ತದೆ. ಮೇಯೋ ಕ್ಲಿನಿಕ್‌ನ ಬಹ್ರಾಮ್ ಮೊಕ್ರಿ ಮೊದಲಾದವರು ಈ ಲಕ್ಷಣಗಳನ್ನು ಜೋಡಿಸಿ ರೋಗದ ಪೂರ್ಣ ಸ್ವರೂಪವನ್ನು ಮುಂದಿಟ್ಟರು. ಒತ್ತಡ ಕುಸಿಯುವುದಕ್ಕಿಂತ ದ್ರವದ ಪ್ರಮಾಣ ಕುಗ್ಗುವುದೇ ಮೂಲವೆಂದು ಮೊಕ್ರಿ ಪ್ರತಿಪಾದಿಸಿದರು.

ಈ ತಿಳಿವಳಿಕೆಯಿಲ್ಲದಿದ್ದರೆ ಆಗುವ ಅನಾಹುತ ಸಣ್ಣದಲ್ಲ. ಕುಸಿದ ಕಿರುಮಿದುಳನ್ನು ಕಿಯಾರಿ ಎಂಬ ಹುಟ್ಟುದೋಷವೆಂದು ತಿಳಿದು ತಲೆಯ ಹಿಂಭಾಗದ ಮೂಳೆ ತೆಗೆದವರಿದ್ದಾರೆ. ಪೊರೆಯ ಕೆಳಗಿನ ರಕ್ತವನ್ನು ಮಾತ್ರ ಹೊರತೆಗೆದು, ಬೆನ್ನಿನ ಸೋರಿಕೆಯನ್ನು ಹಾಗೆಯೇ ಬಿಟ್ಟಾಗ ರೋಗಿಯ ಸ್ಥಿತಿ ಬಿಗಡಾಯಿಸಿದ್ದೂ ಉಂಟು.

ನಮ್ಮ ತಪ್ಪನ್ನು ಮುಚ್ಚಿಟ್ಟು ಇತಿಹಾಸದ ತಪ್ಪುಗಳನ್ನಷ್ಟೇ ಎಣಿಸುವುದು ಸಲ್ಲದು. ವಿದೇಶದಲ್ಲಿ ತರಬೇತಿ ಮುಗಿಸಿ, ಆಸ್ಪತ್ರೆಯೊಂದರಲ್ಲಿ ಸೇವೆಗೆ ಸೇರಿದ್ದ ಕಾಲವದು. ನಡುವಯಸ್ಸಿನ ಮಹಿಳೆಯೊಬ್ಬರು ತಲೆನೋವೆಂದು ಬಂದರು. "ಮಲಗಿದರೆ ಬದುಕುತ್ತೇನೆ ಡಾಕ್ಟ್ರೇ, ಎದ್ದರೆ ಸಾಯುತ್ತೇನೆ" ಎಂದು ಮೊದಲ ದಿನವೇ ಹೇಳಿದರು. ನಾವು ಅದನ್ನು ನೋವಿನ ಉತ್ಪ್ರೇಕ್ಷೆಯೆಂದು ಭಾವಿಸಿ, ಕಡತದಲ್ಲಿ ತೀವ್ರ ತಲೆನೋವು ಎಂದಷ್ಟೇ ಬರೆದೆವು. ಕಾಂಟ್ರಾಸ್ಟ್ ಇಲ್ಲದೆ ತಲೆಯ ಎಂ.ಆರ್.ಐ. ಮಾಡಿಸಿದೆವು, ವರದಿ ಸಹಜವೆಂದು ಬಂದಿತು. ಮೈಗ್ರೇನಿನ ಮಾತ್ರೆಗಳನ್ನು ಬರೆದುಕೊಟ್ಟೆವು, ಬದಲಿಸಿದೆವು, ಹೆಚ್ಚಿಸಿದೆವು. ಎಂಟು ತಿಂಗಳು ಕಳೆಯಿತು. ಮನೆಯವರು ಇದು ಮನಸ್ಸಿನ ಕಾಯಿಲೆಯಿರಬಹುದೇ ಎಂದು ಕೇಳಿದಾಗ ನಾವು ಬಲವಾಗಿ ಅಲ್ಲಗಳೆಯಲಿಲ್ಲ. ಕೊನೆಗೆ ಬೇರೆಡೆ ಇನ್ನೊಬ್ಬ ವೈದ್ಯರು ಒಂದೇ ಪ್ರಶ್ನೆ ಕೇಳಿ, ಗ್ಯಾಡೊಲಿನಿಯಂ ಕೊಟ್ಟು ತಲೆಯನ್ನೂ, ಜೊತೆಗೆ ಇಡೀ ಬೆನ್ನನ್ನೂ ಪರೀಕ್ಷಿಸಿದರು. ಬೆನ್ನಿನಲ್ಲಿ ಪೊರೆಯ ಹೊರಗೆ ಉದ್ದಕ್ಕೂ ದ್ರವ ನಿಂತಿತ್ತು. ಎರಡು ಬಾರಿ ರಕ್ತದ ತೇಪೆ ಹಾಕಿದ ಮೇಲೆ ಅವರು ಎದ್ದು ನಡೆದಾಡಿದರು. ರೋಗಿ ತಮ್ಮ ರೋಗವನ್ನು ಮೊದಲ ವಾಕ್ಯದಲ್ಲಿಯೇ ತಿಳಿಸಿದ್ದರು. ಕೇಳಿಸಿಕೊಳ್ಳದೆ ಹೋದವರು ನಾವು.

ಫಲಜ್ ಕಲಿಸುವ ಪಾಠ

ಇಲ್ಲಿರುವ ಬಹುಮಂದಿ ನಿಜ್ವಾದ ಫಲಜ್ ದಾರಿಸ್ ನೋಡಿದ್ದೀರಿ. 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಒಮಾನ್‌ನ ಐದು ಫಲಜ್‌ಗಳಲ್ಲಿ ಅದೂ ಒಂದು. ನೀರಿನ ಮೂಲ ದೂರದ ನೆಲದಡಿಯಲ್ಲಿ. ಸುರಂಗದಂಥ ಕಾಲುವೆಯಲ್ಲಿ ಹರಿದುಬಂದು ಖರ್ಜೂರದ ತೋಟಕ್ಕೆ ಉಣಿಸುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರಿಗೆ ಊರಿನ ಸುರಂಗಗಳ ನೆನಪಾಗದಿರದು. ತೋಟ ಬಾಡಿತೆಂದರೆ ತಿಳಿದವರು ಮರದ ಬುಡವನ್ನೇ ಕೆದಕುತ್ತ ಕೂರುವುದಿಲ್ಲ. ಕಾಲುವೆಯ ಉದ್ದಕ್ಕೂ ನಡೆದು ಒಡಕೆಲ್ಲಿದೆಯೆಂದು ಹುಡುಕುತ್ತಾರೆ. ನಾವು ವೈದ್ಯರು ಬಹುಕಾಲ ಬಾಡಿದ ತೋಟದ ಚಿತ್ರವನ್ನೇ ಮತ್ತೆ ಮತ್ತೆ ತೆಗೆದೆವು.

ಕಾಲುವೆಯನ್ನು ಹುಡುಕತೊಡಗಿದ ಮೇಲೆ ಪ್ರಗತಿ ವೇಗವಾಯಿತು. ಬೆನ್ನಿನ ಮುಂಭಾಗದಲ್ಲಿ ಮೂಳೆಯ ಮೊನೆಯೊಂದು ಪೊರೆಯನ್ನು ಹರಿದಿರಬಹುದು. ನರದ ಬುಡದಲ್ಲಿ ಪೊರೆ ತೆಳುವಾಗಿ ಉಬ್ಬಿ ಒಡೆದಿರಬಹುದು. ಹರಿವು ವೇಗವಾಗಿದ್ದರೆ ಸಾಮಾನ್ಯ ಸ್ಕ್ಯಾನ್ ತೆಗೆಯುವಷ್ಟರಲ್ಲಿ ಕಾಂಟ್ರಾಸ್ಟ್ ಎಲ್ಲೆಡೆ ಹರಡಿ, ರಂಧ್ರವೆಲ್ಲಿಯೆಂದು ತಿಳಿಯದು. ಅದಕ್ಕಾಗಿ ಕಾಂಟ್ರಾಸ್ಟ್ ಹರಿಯುತ್ತಿರುವಾಗಲೇ ಕ್ಷಣಕ್ಷಣದ ಚಿತ್ರ ತೆಗೆದು, ಮೂಳೆಯ ನೆರಳನ್ನು ಕಳೆದುಹಾಕುವ ಡಿಜಿಟಲ್ ವ್ಯವಕಲನ ವಿಧಾನ ಬಂದಿತು.

2014ರಲ್ಲಿ ಲಾಸ್ ಏಂಜಲೀಸ್ ನಗರದ ವೌಟರ್ ಶೀವಿಂಕ್ ಮತ್ತು ಸಂಗಡಿಗರು ಮೂರನೆಯ ಬಗೆಯೊಂದನ್ನು ತೋರಿಸಿಕೊಟ್ಟರು. ಇಲ್ಲಿ ಮೇರುದ್ರವ ಪೊರೆಯ ಹೊರಗೆ ನಿಲ್ಲುವುದೇ ಇಲ್ಲ. ಪಕ್ಕದ ಅಭಿಧಮನಿಯೊಂದಕ್ಕೆ ನೇರ ಸಂಪರ್ಕವುಂಟಾಗಿ ರಕ್ತಕ್ಕೆ ಸೇರಿಬಿಡುತ್ತದೆ. ಹಳೆಯ ಮೂತ್ರಕೋಶದ ಒಗಟಿಗೆ ಬಹುಪಾಲು ಉತ್ತರ ಇದೇ. ಸೋರಿಕೆ ಕಾಣದೆ ಮೂತ್ರಕೋಶ ಮಾತ್ರ ಬೆಳಗಿದ್ದೇಕೆಂದರೆ, ದ್ರವ ರಕ್ತದ ಮೂಲಕ ಅಲ್ಲಿಗೆ ಹೋಗುತ್ತಿತ್ತು. ರಕ್ತಕ್ಕೆ ಅತಿಯಾಗಿ ಹೋಗುತ್ತಿರಬಹುದೆಂಬ ಹಳೆಯ ಊಹೆಯಲ್ಲಿಯೂ ಸತ್ಯದ ಒಂದು ಅಂಶವಿತ್ತು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಕಾಂಟ್ರಾಸ್ಟ್ ಬಿಟ್ಟರೆ ಈ ಸೂಕ್ಷ್ಮ ಸಂಪರ್ಕಗಳು ಹೆಚ್ಚಾಗಿ ಕಾಣುತ್ತವೆಂಬುದು ಅನಂತರ ತಿಳಿಯಿತು. 2019ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಂಡ, ತಲೆಯ ಎಂ.ಆರ್.ಐ. ಲಕ್ಷಣಗಳಿಗೆ 9 ಅಂಕಗಳ ಮಾನದಂಡ ರೂಪಿಸಿ, ಬೆನ್ನಿನಲ್ಲಿ ಸೋರಿಕೆ ಸಿಗುವ ಸಂಭವವನ್ನು ಅಳೆಯುವಂತೆ ಮಾಡಿತು. 2021ರ ವೇಳೆಗೆ ಅಭಿಧಮನಿಯ ಮೂಲಕವೇ ಸಣ್ಣ ನಳಿಕೆ ತೂರಿಸಿ ಆ ಸಂಪರ್ಕವನ್ನು ಮುಚ್ಚುವ ಚಿಕಿತ್ಸೆಯೂ ಪ್ರಕಟವಾಯಿತು.

ಇಷ್ಟಾದರೂ ಚಿತ್ರವೇ ಕೊನೆಯ ಮಾತಲ್ಲ. ತಾನಾಗಿ ಸೋರಿಕೆಯುಂಟಾದವರಲ್ಲಿ ಸುಮಾರು ಐವರಲ್ಲಿ ಒಬ್ಬರ ತಲೆಯ ಎಂ.ಆರ್.ಐ. ಸಹಜವಾಗಿಯೇ ಇರುತ್ತದೆ. ಸೂಜಿ ಹಾಕಿ ಅಳೆದರೆ ಬಹುಮಂದಿಯಲ್ಲಿ ಒತ್ತಡವೂ ಸಹಜ ಮಿತಿಯೊಳಗೇ ಇರುವುದುಂಟು. ವರ್ಷಗಳು ಕಳೆದಂತೆ, ಎದ್ದಾಗ ಬಂದು ಮಲಗಿದಾಗ ಹೋಗುವ ಗುಣವೂ ಮಸುಕಾಗಬಹುದು. ಆದ್ದರಿಂದ ನೋವು ಆರಂಭವಾದಾಗ ಹೇಗಿತ್ತೆಂದು ಕೇಳುವುದು ಅವಶ್ಯ. ಯಂತ್ರ ತಾನಾಗಿ ಏನನ್ನೂ ಹುಡುಕದು. ಯಾವ ಭಾಗ, ಯಾವ ಕಾಂಟ್ರಾಸ್ಟ್, ಯಾವ ಭಂಗಿ ಎಂಬುದನ್ನು ನಿರ್ಧರಿಸುವುದು ರೋಗಿಯ ಮಾತಿನಿಂದ ಹುಟ್ಟಿದ ಪ್ರಶ್ನೆ. ಬೀರ್ ಅವರಿಗೆ 1898ರಲ್ಲಿ ಯಂತ್ರವಿರಲಿಲ್ಲ, ಪ್ರಶ್ನೆಯಿತ್ತು. ನಮ್ಮ ಬಳಿ ಯಂತ್ರವಿತ್ತು, ಪ್ರಶ್ನೆಯಿರಲಿಲ್ಲ.

ಬಂಧುಗಳೇ, ನಮ್ಮ ಮನೆಗಳಲ್ಲಿ ಇನ್ನೂ ಹೆರಿಗೆಗಳಾಗುತ್ತವೆ, ಊರಿನಿಂದ ಬಾಣಂತನಕ್ಕೆ ಅಮ್ಮಂದಿರು ಬರುತ್ತಾರೆ. ಕಷಾಯಕ್ಕೂ ಕಿವಿಯ ಹತ್ತಿಗೂ ನಮ್ಮ ವಿರೋಧವಿಲ್ಲ. ಬೆನ್ನಿಗೆ ಚುಚ್ಚುಮದ್ದು ಪಡೆದ ಮಗಳೋ ಸೊಸೆಯೋ "ಕೂತರೆ ಆಗುವುದಿಲ್ಲ, ಮಲಗಿದರೆ ಸರಿ" ಎಂದಾಗ ಅದನ್ನು ಶೀತವೆಂದು ಸುಮ್ಮನಾಗದೆ, ಅವಳ ಮಾತನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸಿರಿ. ಜ್ವರ, ಮಂಪರು, ಅಪಸ್ಮಾರದಂಥ ಲಕ್ಷಣ ಸೇರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಬೇರೆ ಅಪಾಯಗಳಿರಬಹುದು. ಬಹುತೇಕ ಸೂಜಿಯ ರಂಧ್ರಗಳು ತಾವಾಗಿಯೇ ಮುಚ್ಚುತ್ತವೆ. ಮುಚ್ಚದಿದ್ದರೆ ಅವಳದೇ ರಕ್ತದ ಒಂದು ತೇಪೆ ಸಾಮಾನ್ಯವಾಗಿ ಸಾಕಾಗುತ್ತದೆ.